ಕುಣಿಯುವ ಕಿರುಬೆರಳು

ಗುಮಾಸ್ತರ ಎಡಗೈ ಕಿರುಬೆರಳು ಅಂದು ಬೆಳಿಗ್ಗೆ ಅವರನ್ನು ಒಂದು ಮಾತೂ ಕೇಳದೆ ಕುಣಿಯತೊಡಗಿತು. ಟೀ ಲೋಟದ ಮೇಲೆ ಟಕ್‌ಟಕ್‌ಟಕ್... ಟಕ್. ಆ ತಾಳ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪನ ಬೆರಳು ಕುರ್ಚಿಯ ಕೈಮೇಲೆ ಹೀಗೇ ಬಡಿಯುತ್ತಿತ್ತು. ಎರಡೇ ವರ್ಷದಲ್ಲಿ ಇಡೀ ಮೈ ಅಪ್ಪನ ಮಾತು ಕೇಳುವುದನ್ನು ಬಿಟ್ಟಿತ್ತು. ಅಪ್ಪ ಹೋಗಿ ಇಪ್ಪತ್ತು ವರ್ಷ. ಬೆರಳು ಮಾತ್ರ ಈಗ ವಿಳಾಸ ಹುಡುಕಿಕೊಂಡು ಬಂದಂತಿತ್ತು.

ಬೇರೆ ಕಚೇರಿಯಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಇವರು ಉಗ್ರಾಣ ನೋಡಿಕೊಳ್ಳುತ್ತಿದ್ದುದು ವಂಶದಲ್ಲಿ ಹರಿದುಬರುವ ನಡುಕದ ಕಾಯಿಲೆಗಳ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ ಲಿಫ್ಟಿನವನೂ ಅರ್ಧ ಡಾಕ್ಟರು.

“ಸಾರ್, ಬೆರಳು!” ಎಂದರು ಟೈಪಿಸ್ಟಮ್ಮ.

“ಚಳಿ ಕಣಮ್ಮ.”

“ಬೆವರು ಒರೆಸ್ಕೊಳ್ತಾ ಚಳಿ ಅಂತೀರಲ್ಲ!”

ಕೈ ಜೇಬಿಗೆ ಹೋಯಿತು. ಜೇಬಿನಲ್ಲಿ ಇಲಿ ಹೊಕ್ಕಂತೆ ಬಟ್ಟೆ ಅಲುಗಿತು.

ಲಿಫ್ಟು ಹತ್ತಿದರೆ, “ಕಣ್ಮುಚ್ಚಿ ನಿಮ್ಮ ಮೂಗು ಮುಟ್ಕೊಳ್ಳಿ ಸಾರ್,” ಎಂದ ಲಿಫ್ಟಿನವ. ಅಷ್ಟರಲ್ಲಿ ಲಿಫ್ಟು ಜಗ್ಗಿತು. ಗುಮಾಸ್ತರು ಮುಟ್ಟಿದ್ದು ಅವನ ಮೂಗನ್ನು. “ಮುಗೀತು,” ಎಂದ ಅವನು, ಸಾವಿನ ಮನೆಗೆ ಬಂದವರ ದನಿಯಲ್ಲಿ.

ಮಧ್ಯಾಹ್ನದ ಹೊತ್ತಿಗೆ ಗುಮಾಸ್ತರ ಕಿಟಕಿ ಪಕ್ಕದ ಕುರ್ಚಿ ಮುಂದೆ ಯಾರಿಗೆ ಎಂಬ ಚರ್ಚೆಯೂ ಮುಗಿದಿತ್ತು. ಅವರಿಗೆ ಕುರ್ಚಿಯ ಚಿಂತೆಯಿರಲಿಲ್ಲ. ಮನೆಯಲ್ಲಿ ಹನ್ನೆರಡು ವರ್ಷದ ಮಗಳಿದ್ದಳು. ಅವಳದೂ ಅದೇ ರಕ್ತ. ಅವರು ನೇರ ಕೇಂದ್ರದ ಡಾಕ್ಟರಮ್ಮನ ಮುಂದೆ ಕೈಚಾಚಿದರು.

ಡಾಕ್ಟರಮ್ಮ ಆ ಕೈಗೆ ತಂತಿಗಳ ಗವಸು ತೊಡಿಸಿದರು. ಒಳಗೆ ತುಂಬಿಟ್ಟ ಆರೋಗ್ಯವಂತನೊಬ್ಬನ ಕೈಯ ಅಳತೆಗೆ ಹೋಲಿಸಿ ಫಲಿತಾಂಶ ಹೇಳುವ ಯಂತ್ರ ಅದು. ಪರದೆಯ ಮೇಲೆ ಮೂಡಿತು: ವ್ಯತ್ಯಾಸ ಸೊನ್ನೆ.

“ಹನ್ನೊಂದು ವರ್ಷದಲ್ಲಿ ಇಂಥ ಕೈ ನೋಡಿಲ್ಲ ರೀ! ಗುಂಡುಕಲ್ಲಿನ ಹಾಗಿದೀರಿ.”

ಗುಮಾಸ್ತರು ಗಳಗಳನೆ ಅತ್ತೇಬಿಟ್ಟರು. ಬಾಗಿಲಲ್ಲಿ ಇಣುಕುತ್ತಿದ್ದ ಟೈಪಿಸ್ಟಮ್ಮ ತಮ್ಮ ಕೈಯನ್ನೂ ಕೊಟ್ಟರು. ವ್ಯತ್ಯಾಸವಿತ್ತು. ಲಿಫ್ಟಿನವನಿಗೂ ಇತ್ತು. ನಗುನಗುತ್ತಾ ಡಾಕ್ಟರಮ್ಮ ತಾವೇ ಗವಸು ತೊಟ್ಟರು, ನಗು ನಿಂತಿತು. ಮೇಜಿನ ಮೇಲೆ ಗುಮಾಸ್ತರ ಬೆರಳಿನ ಟಕ್‌ಟಕ್ ನಡೆದೇ ಇತ್ತು.

“ನೀವಿಬ್ಬರೂ ಹೊರಗಿರಿ. ಗುಮಾಸ್ತರೇ, ಒಂದನೇ ನಂಬರಿನ ಫೈಲ್ ತನ್ನಿ. ಯಾರ ಕೈನ ಅಳತೆಗೆ ಇಟ್ಕೊಂಡಿದೀವೋ ನೋಡೋಣ.”

ಉಗ್ರಾಣದ ಧೂಳಿನಲ್ಲಿ ಗುಮಾಸ್ತರು ಫೈಲು ಬಿಚ್ಚಿದರು. ಹನ್ನೊಂದು ವರ್ಷದ ಹಿಂದೆ ಯಂತ್ರ ಬಂದ ದಿನದ ಹಾಳೆ. ‘ಆರೋಗ್ಯವಂತ ವ್ಯಕ್ತಿ’ ಎಂಬುದರ ಕೆಳಗೆ ಅವರದೇ ಸಹಿ. ಅಂದು ಅಳತೆ ಕೊಡಲು ಬರಬೇಕಾದವನು ಬಂದಿರಲಿಲ್ಲ, ಯಂತ್ರ ಜೋಡಿಸಲು ಬಂದವನಿಗೆ ಅವಸರ. “ಯಾರದಾದ್ರೂ ಒಂದು ಕೈ ಕೊಡಿ ಸಾರ್” ಅಂದಿದ್ದ. ಇವರು ಕೊಟ್ಟಿದ್ದರು.

ಅಂದರೆ ಬೆರಳು ಇವತ್ತು ಬಂದದ್ದಲ್ಲ. ಹನ್ನೊಂದು ವರ್ಷದಿಂದ ಕಣ್ಣಿಗೆ ಬೀಳದೆ ಅವರ ಕೈಯಲ್ಲೇ ಸಂಸಾರ ಮಾಡಿಕೊಂಡಿತ್ತು.

ಡಾಕ್ಟರಮ್ಮ ಸಹಿ ನೋಡಿ ಮೆಲ್ಲನೆ ಬಾಗಿಲು ಹಾಕಿದರು. “ಈ ಮೆಷಿನ್ ನಂಬಿ ನಲವತ್ತು ಲೇಖನ ಬರ್ದಿದೀನಿ ರೀ, ಯಾರಿಗೂ ಹೇಳ್ಬೇಡಿ. ಔಷಧಿ ಕೇಳ್ಬೇಡಿ. ನೀವು ವಾಸಿಯಾದ್ರೆ ಮೆಷಿನ್ನು ನಿಮಗೆ ಕಾಯಿಲೆ ಅನ್ನುತ್ತೆ.”

“ನನ್ನ ಮಗಳು?”

“ಕರ್ಕೊಂಡ್ಬನ್ನಿ, ಪರೀಕ್ಷೆ ಮಾಡೋಣ.”

“ಯಾರ ಕೈಗೆ ಹೋಲ್ಸಿ?”

ಡಾಕ್ಟರಮ್ಮ ‘ಸಂಪೂರ್ಣ ಆರೋಗ್ಯವಂತ’ ಎಂಬ ಮುದ್ರೆ ಒತ್ತಿ ಹಾಳೆ ಕೈಗಿತ್ತರು.

ಹೊರಗೆ ಟೈಪಿಸ್ಟಮ್ಮ, ಲಿಫ್ಟಿನವ, ಕಾವಲುಗಾರ ಸಾಲಾಗಿ ಬೆಂಚಿನ ಮೇಲೆ ಕೂತು ಎಡಗೈ ಕಿರುಬೆರಳು ಬಡಿಯುತ್ತಿದ್ದರು. ಅಪ್ಪನ ಕುರ್ಚಿಯ ಸದ್ದು ಕಾರಿಡಾರಿನುದ್ದಕ್ಕೂ ತುಂಬಿತ್ತು.

“ಮೆಷಿನ್ನು ಒಪ್ಬೇಕಲ್ಲ, ನಿಮ್ಮ ಥರಾನೇ ಬರ್ತಿದ್ಯಾ ಸಾರ್?” ಎಂದು ಟೈಪಿಸ್ಟಮ್ಮ ಆಸೆಯಿಂದ ಕೇಳಿದರು.

ಗುಮಾಸ್ತರು ಒಂದು ಗಳಿಗೆ ಕಿವಿಗೊಟ್ಟರು.

“ಕೊನೇ ಟಕ್ ಇನ್ನೂ ಸ್ವಲ್ಪ ನಿಧಾನ,” ಎಂದರು.