ಅಮೆರಿಕದ ಕಂಪ್ಯೂಟರಿಗೆ ಬೂದುಗುಂಬಳಕಾಯಿ

ದೂರದ ಕಂಪ್ಯೂಟರ್ ಬಾಡಿಗೆಗೆ ಕೊಡುತ್ತೇವೆ ಎಂದವರು ನಮಗೆ ಸುಳ್ಳು ಹೇಳಿದರು. ಒಬ್ಬರಲ್ಲ, ಒಬ್ಬರಾದ ಮೇಲೊಬ್ಬರು. ಟೈ ಕಟ್ಟಿಕೊಂಡು ಹೇಳಿದರು, ಕಾಫಿ ಕೊಟ್ಟು ಹೇಳಿದರು. ಇಂಥವರೆಲ್ಲ ನನ್ನ ಪಾಲಿಗೇ ಯಾಕೆ ಬಂದು ಬೀಳುತ್ತಾರೋ ಎಂದುಕೊಳ್ಳುತ್ತಿದ್ದೆ. ಆಮೇಲೆ ಗೊತ್ತಾಯಿತು, ಎಲ್ಲರ ಪಾಲಿಗೂ ಬೀಳುತ್ತಾರೆ. ಉಳಿದವರು ಮರ್ಯಾದೆಗೆ ಅಂಜಿ ಬಾಯಿ ಬಿಡುವುದಿಲ್ಲ, ನಾನು ಬಿಡುತ್ತೇನೆ.

ಮನೆಮನೆಗೆ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲ. ನಾವು ಮೂವರು ಸೇರಿ ನಮ್ಮ ಬಡಾವಣೆಗಳಿಗೆಂದು ನಾಲ್ಕು ಪುಟದ ಕನ್ನಡ ಪತ್ರಿಕೆ ತರುತ್ತಿದ್ದೆವು. ಬನಶಂಕರಿಯಲ್ಲಿ ನಾನು. ಕಂಪ್ಯೂಟರನ್ನು ಯಾವ ಶಾಲೆಯಲ್ಲೂ ಕಲಿತವನಲ್ಲ, ಕೆಡಿಸಿ ಕೆಡಿಸಿ ಕಲಿತವನು. ಜಯನಗರದಲ್ಲಿ ನಮ್ಮ ಸಂಪಾದಕಿ, ನಿವೃತ್ತ ಹೆಡ್‌ಮಿಸ್ಟ್ರೆಸ್. ಎಲ್ಲರೂ ಅವರನ್ನು ಕರೆಯುವುದು ಟೀಚರ್ ಎಂದೇ. ವರದಿಗಾರರು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ ವಿಜಾಪುರ ಕಡೆಯ ಬ್ಯಾಂಕ್ ಗುಮಾಸ್ತರು.

ಕನ್ನಡ ಪುಟ ಕಟ್ಟುವ ಸಾಫ್ಟ್‌ವೇರ್ ನಮ್ಮಲ್ಲಿದ್ದದ್ದು ಒಂದೇ. ಅದು ನಡೆಯಬೇಕಾದರೆ ಕಂಪ್ಯೂಟರಿನ ಬೆನ್ನಿಗೆ ನಕಲು ತಡೆಯಲೆಂದು ಅದನ್ನು ಮಾರಿದವರೇ ಕೊಟ್ಟ, ಹೆಬ್ಬೆರಳಷ್ಟು ದೊಡ್ಡ ಬೀಗವೊಂದನ್ನು ಸಿಕ್ಕಿಸಬೇಕು. ಬೀಗ ಎಲ್ಲಿದೆಯೋ ಕನ್ನಡ ಅಲ್ಲಿ. ಬೀಗ ನಮ್ಮ ಮನೆಯಲ್ಲಿದ್ದುದರಿಂದ ಎಲ್ಲರೂ ನಮ್ಮ ಮನೆಗೇ ಬರಬೇಕಿತ್ತು. ಗುಮಾಸ್ತರು ಬಸ್ಸು ಬದಲಿಸಿ ಬಂದು ಮುಟ್ಟುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು. ಅದಕ್ಕೇ, ಸದಾ ಓಡುತ್ತಿರುವ ಒಂದು ಕಂಪ್ಯೂಟರನ್ನು ಎಲ್ಲಾದರೂ ಬಾಡಿಗೆಗೆ ಹಿಡಿದು, ಬೀಗವನ್ನು ಅದಕ್ಕೆ ಸಿಕ್ಕಿಸಿ, ಅವರವರ ಮನೆಯಿಂದಲೇ ಅದರ ಪರದೆ ತೆರೆದು ಸರದಿಯ ಮೇಲೆ ಕೆಲಸ ಮಾಡೋಣ ಎಂದು ತೀರ್ಮಾನಿಸಿದೆವು.

ಅವಸರವೂ ಇತ್ತು. ಮಕ್ಕಳು ಆಡುವ ನಮ್ಮ ಮೈದಾನದಲ್ಲಿ ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟಲು ಹೊರಟಿದ್ದರು. ಆಕ್ಷೇಪಣೆ ಇರುವವರು ದಸರಾ ಮುಗಿದ ಒಂದು ವಾರದೊಳಗೆ ಪಾಲಿಕೆಗೆ ಬರೆದು ಕೊಡಬೇಕೆಂದು ಇಂಗ್ಲಿಷಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ ಪ್ರಕಟಿಸಿದ್ದರು. ನಾವದನ್ನು ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸದಿದ್ದರೆ ಮೈದಾನ ಹೋದಂತೆಯೇ.

ಫುಲ್ ಸೆಕ್ಯೂರಿಟಿ

ಮೊದಲು ಹೋದದ್ದು ಜಯನಗರ ನಾಲ್ಕನೇ ಬ್ಲಾಕಿನ ಒಂದು ಕಂಪನಿಗೆ. ಗಾಜಿನ ಬಾಗಿಲು, ಒಳಗೆ ನಡುಗಿಸುವ ಎಸಿ. ಮಾರಾಟದ ಹುಡುಗ ಬಾಯಿ ತೆರೆದರೆ ಇಂಗ್ಲಿಷ್.

ಟೀಚರ್ ಅವನನ್ನು ತಡೆದು, "ಈ ಬೀಗ ಸಿಕ್ಕಿಸಿದರೆ ಕನ್ನಡ ನಡೆಯುತ್ತೇನಪ್ಪಾ ಇದರಲ್ಲಿ?" ಎಂದರು.

"ಎಲ್ಲಾ ಲ್ಯಾಂಗ್ವೇಜೂ ನಡೆಯುತ್ತೆ ಮೇಡಂ. ನಿಮ್ಮ ಬೀಗಗೀಗ ಏನೂ ಬೇಡ."

"ತೋರಿಸು" ಎಂದೆ. ನಮ್ಮ ಹಳೆಯ ಸಂಚಿಕೆಯೊಂದನ್ನು ಹಾಕಿಕೊಂಡು ಹೋಗಿದ್ದ ಸಿಡಿ ಕೊಟ್ಟೆ. ಅವನು ತೆರೆದ. ಪರದೆಯ ತುಂಬ ಚೌಕ ಚೌಕ ಡಬ್ಬಿಗಳು, ಸಾಲಾಗಿ, ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ.

"ಏನಯ್ಯ ಇದು?"

ಹುಡುಗ ಟೈ ಸರಿಮಾಡಿಕೊಂಡ. "ಸೆಕ್ಯೂರಿಟಿ ಸಾರ್. ಬೇರೆಯವರು ಯಾರೂ ಓದಕ್ಕಾಗಲ್ಲ."

"ಬರೆದವನು ನಾನು. ನನಗೂ ಓದಕ್ಕಾಗ್ತಿಲ್ಲ."

"ಅದೇ ಸಾರ್, ಫುಲ್ ಸೆಕ್ಯೂರಿಟಿ!"

ಸಹಾಯವಾಣಿ

ಎರಡನೆಯದು ಬಿಟಿಎಂ ಲೇಔಟಿನ ಕಂಪನಿ, ಬೀಗ ಕೊಟ್ಟು ಪರೀಕ್ಷೆಗೆಂದು ಕೆಲವು ದಿನ ನಡೆಸಿ ನೋಡಿದೆವು. ಹಗಲೂ ರಾತ್ರಿ ಫೋನಿನಲ್ಲಿ ಸಹಾಯ ಸಿಗುತ್ತದೆ ಎಂಬುದೇ ಅವರ ದೊಡ್ಡ ಹೆಮ್ಮೆ. ಮೂರು ಸಾಲು ಬರೆಯುವಷ್ಟರಲ್ಲಿ ಸಂಪರ್ಕ ಕಡಿದು ಬೀಳುತ್ತಿದ್ದುದರಿಂದ ಆ ಸಹಾಯ ನಮಗೆ ಹಗಲೂ ರಾತ್ರಿ ಬೇಕಾಗುತ್ತಿತ್ತು. ನಾನು ಫೋನ್ ಮಾಡಿದರೆ ಜಗಳವಾಗುತ್ತದೆಂದು ಗುಮಾಸ್ತರೇ ತಮ್ಮ ಮನೆಯಿಂದ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದರು. "ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ ಸಾರ್" ಎಂದಿತು ಆ ಕಡೆಯ ದನಿ. ಇವರು, "ಮೂರು ಸರ್ತಿ ಮಾಡೇನ್ರೀ" ಎಂದರು. ಆ ಕಡೆಯವನು ತಟ್ಟನೆ, "ನೀವು ಯಾವೂರ ಕಡೆಯವ್ರಣ್ಣಾ?" ಎಂದ.

ಮಾತು ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಬಹಳ ಹೊತ್ತಿನ ಮೇಲೆ ಗುಮಾಸ್ತರು ನಗುನಗುತ್ತ ಫೋನ್ ಇಟ್ಟರು.

"ಸರಿಹೋಯ್ತಾ?" ಎಂದೆ.

"ಇಲ್ರೀ ಸರ. ಆದ್ರ ಇಲ್ಲೇ ಹಿಂದಿನ ಓಣ್ಯಾಗ ಖಡಕ್ ರೊಟ್ಟಿ ಖಾನಾವಳಿ ಐತಂತ, ಇಷ್ಟ್ ದಿನ ಗೊತ್ತಿರ್ಲಿಲ್ಲ ನೋಡ್ರಿ."

"ಸಂಪರ್ಕದ ಬಗ್ಗೆ ಏನಂದ?"

"'ನಮ್ಮೂರವ್ರು ಅಂತ ಹೇಳಾಕತ್ತೀನಣ್ಣಾ, ನಮ್ಮ ಕಂಪನಿದು ತಗೋಬ್ಯಾಡ್ರಿ. ನಾನ ಬ್ಯಾರೆ ಕಡೆ ಕೆಲಸ ಹುಡುಕಾಕತ್ತೀನಿ' ಅಂದ್ರಿ."

ಆ ಕಂಪನಿಯಲ್ಲಿ ನಮಗೆ ಸಿಕ್ಕ ಒಂದೇ ಒಂದು ನಿಜವಾದ ಸಹಾಯ ಅದು.

ಕೋಸಂಬರಿ

ಮೂರನೆಯದು ಜೆ.ಪಿ. ನಗರದಲ್ಲಿ. ಇಲ್ಲಿ ಸಂಪರ್ಕ ಚೆನ್ನಾಗಿತ್ತು, ಬೀಗ ಹಾಕಿದ್ದರಿಂದ ಕನ್ನಡವೂ ಬಂತು. ಒಂದೇ ಯಂತ್ರವನ್ನು ಹಲವರಿಗೆ ಕೊಟ್ಟಿರುತ್ತೇವೆ, ಆದರೆ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ ಎಂದು ಆ ಮಾಲೀಕ ದೇವರಾಣೆ ಹಾಕಿ ಹೇಳಿದ್ದ.

ಮಾರನೆಯ ದಿನ ಟೀಚರ್ ಫೋನ್ ಮಾಡಿದರು. "ನೋಡಯ್ಯ, ಯಾವುದೋ ಮದುವೆ ಅಡುಗೆಯವರ ಮೆನು ನಮ್ಮ ಪುಟದ ಪಕ್ಕದಲ್ಲೇ ಇದೆ. ಒಬ್ಬಟ್ಟು, ಚಿರೋಟಿ, ಪಾಯಸ, ಮೂರು ಸಿಹಿ. ಕೋಸಂಬರಿ ಇಲ್ಲ! ಎಲೆಗೆ ಕೋಸಂಬರಿ ಬೀಳದೆ ಅದೆಂಥ ಮದುವೆ ಊಟ?"

"ಟೀಚರ್, ನೀವೇನು ಮಾಡಿದಿರಿ?"

"ಸೇರಿಸಿದೆ. ಹೆಸರುಬೇಳೆದು ಒಂದು, ಕಡ್ಲೆಬೇಳೆದು ಒಂದು."

ನನಗೆ ನಗು ಬರಲಿಲ್ಲ, ರಕ್ತ ಕುದಿಯಿತು. ನಮ್ಮ ಟೀಚರ್ ಅಡುಗೆಯವರ ಮೆನುವಿಗೆ ಕೈ ಹಾಕಬಹುದಾದರೆ, ಕಾಂಪ್ಲೆಕ್ಸ್ ಕಟ್ಟುವವರು ನಮ್ಮ ಮೈದಾನದ ಲೇಖನಕ್ಕೆ ಕೈ ಹಾಕುವುದಿಲ್ಲವೇ? ಜೆ.ಪಿ. ನಗರಕ್ಕೆ ಹೋಗಿ ಮಾಲೀಕನ ಎದುರು ಮೇಜು ಗುದ್ದಿ ಕೂಗಿದೆ. ಬೀಗ ಕಿತ್ತುಕೊಡು ಎಂದೆ.

ಅವನು ಬೀಗ ಕೊಟ್ಟು, ತಗ್ಗಿದ ದನಿಯಲ್ಲಿ ಹೇಳಿದ: "ಸಾರ್, ಕೋಪ ಮಾಡ್ಕೋಬೇಡಿ. ಅಡುಗೆ ಕಾಂಟ್ರಾಕ್ಟರು ಬೆಳಗ್ಗೆ ಫೋನ್ ಮಾಡಿದ್ರು. ಹೆಣ್ಣಿನ ಕಡೆಯವರು ಕೋಸಂಬರಿ ನೋಡಿ ಬಹಳ ಖುಷಿಪಟ್ಟರಂತೆ. ನಾಮಕರಣದ್ದು ಒಂದು ಮೆನು ಹಾಕಿದ್ದಾರಂತೆ, ಮೇಡಂ ಅದನ್ನೂ ಒಂದ್ಸಲ ನೋಡಿಬಿಟ್ಟರೆ..."

ಸಮುದ್ರದಾಚೆ

ದಸರಾ ಹತ್ತಿರ ಬಂದಿತ್ತು. ನಾಲ್ಕನೆಯವನು ತಾನಾಗಿಯೇ ನಮ್ಮನೆಗೆ ಬಂದ. ಅವನ ಯಂತ್ರವಿರುವುದು ಅಮೆರಿಕದಲ್ಲಂತೆ. "ಅಲ್ಲಿ ಕರೆಂಟ್ ಹೋಗೋದೇ ಇಲ್ಲ ಸಾರ್. ಭೂಕಂಪ ಆದ್ರೂ ನಿಲ್ಲಲ್ಲ." ಬೆಳಗ್ಗೆ ಅವನ ಕೈಗೆ ಬೀಗ ಕೊಟ್ಟೆವು. ಅವತ್ತೇ ಸಂಜೆ ಅಮೆರಿಕದಲ್ಲಿ ಕನ್ನಡ ಮೂಡಿತು.

"ತುಮಕೂರಿಗೆ ಪಾರ್ಸಲ್ ಕಳಿಸಿದರೂ ನಾಳೆ ಮುಟ್ಟೋದು. ಇದು ಹೇಗಪ್ಪಾ?" ಎಂದು ಟೀಚರ್ ಅವನನ್ನು ಫೋನಿನಲ್ಲೇ ಕೇಳಿದರು.

"ಟೆಕ್ನಾಲಜಿ ಮೇಡಂ" ಎಂದ.

ಜಗಳಕ್ಕೆ ಪುರಸೊತ್ತಿರಲಿಲ್ಲ. ಮೂವರೂ ಸೇರಿ ಪುಟ ಕಟ್ಟಿದೆವು. ಆಯುಧಪೂಜೆಯ ದಿನ ಕೊನೆಯ ಪುಟ ಮುಗಿಸಿದರೆ ಮರುದಿನವೇ ಅಚ್ಚಿಗೆ. ಅವತ್ತು ಬೆಳಗ್ಗೆ ಪರದೆ ತೆರೆದರೆ ಕತ್ತಲು. ನಮ್ಮ ಬೀಗವೂ ಅಲ್ಲೇ, ನಮ್ಮ ನಾಲ್ಕು ಪುಟವೂ ಅಲ್ಲೇ. ಅವನ ನಂಬರಿಗೆ ಫೋನ್ ಮಾಡಿದೆ. ವಯಸ್ಸಾದ ಹೆಂಗಸಿನ ದನಿ.

"ಅವನಿಲ್ಲಪ್ಪಾ, ಸ್ಕೂಟರ್ ತೊಳ್ಸೋಕೆ ಹೋಗಿದಾನೆ. ನಾನು ಅವರಮ್ಮ. ಏನಾಗ್ಬೇಕಿತ್ತು?"

"ಅಮ್ಮಾ, ಅಮೆರಿಕದಲ್ಲಿರೋ ಕಂಪ್ಯೂಟರ್ ನಿಂತೋಗಿದೆ."

"ಅಮೆರಿಕದ್ದು ನಂಗೊತ್ತಿಲ್ಲ. ಹಾಲ್‌ನಲ್ಲಿರೋದನ್ನ ನಾನೇ ಆಫ್ ಮಾಡಿದೀನಿ. ಇವತ್ತು ಪೂಜೆ ಅಲ್ವಾ? ಒರೆಸಿ ಕುಂಕುಮ ಇಟ್ಟಿದೀನಿ. ಹೊಸಕೆರೆಹಳ್ಳಿ ಕೆರೆ ಪಕ್ಕದ ರಸ್ತೆ ಕಣಪ್ಪಾ, ಬನ್ನಿ, ಪ್ರಸಾದ ತಗೊಂಡು ಹೋಗುವಿರಂತೆ."

ಮೂವರೂ ಆಟೋದಲ್ಲಿ ಹೋದೆವು. ಹಾಲ್‌ನ ಮೂಲೆಯಲ್ಲಿ ಹೊಲಿಗೆ ಮಿಷನ್ನು, ಈಳಿಗೆಮಣೆ, ಸ್ಪ್ಯಾನರ್‌ಗಳು. ಅವುಗಳ ನಡುವೆ ಚೆಂಡುಹೂವಿನ ಹಾರ ಹಾಕಿಕೊಂಡು ನಮ್ಮ ಅಮೆರಿಕ. ಮುಂದೆ ಕುಂಕುಮ ತುಂಬಿ ಒಡೆದ ಬೂದುಗುಂಬಳಕಾಯಿ. ಬೆನ್ನಿಗೆ ನಮ್ಮ ಬೀಗ, ಅದಕ್ಕೂ ಗಂಧದ ಬೊಟ್ಟು.

"ಆನ್ ಮಾಡಿ ಅಮ್ಮಾ" ಎಂದೆ.

"ಅಯ್ಯೋ, ನಾಳೆ ಮಂಗಳಾರತಿ ಎತ್ತೋವರೆಗೂ ಮುಟ್ಟಂಗಿಲ್ಲ. ನೀವೇ ಹೇಳಿ ಮೇಡಂ, ನಿಮ್ಮನೇಲಿ ಪೂಜೆಗಿಟ್ಟ ಹೊಲಿಗೆ ಮಿಷನ್ ಇವತ್ತು ತುಳೀತೀರಾ?"

ಟೀಚರೂ ಬೆಳಗ್ಗೆಯೇ ತಮ್ಮದಕ್ಕೆ ಹೂವಿಟ್ಟು ಬಂದಿದ್ದರು. ಆಗ ಗುಮಾಸ್ತರು ಮುಂದೆ ಬಂದು ಮೈದಾನದ ಕಥೆ ಪೂರ್ತಿ ಹೇಳಿದರು. ಕಾಂಪ್ಲೆಕ್ಸ್, ಗಡುವು, ಇಂಗ್ಲಿಷ್ ಪ್ರಕಟಣೆ, ಎಲ್ಲ.

"ಮಕ್ಕಳಿಂದ ಮೈದಾನ ಕಿತ್ಕೋತಾರಾ? ಅವರ ಮನೆ ಹಾಳಾಗ!" ಎಂದು ಆ ತಾಯಿ ಎದ್ದೇಬಿಟ್ಟರು. "ಜಗಳಕ್ಕೆ ಅಂತ ಮೊದಲೇ ಹೇಳಬಾರದಿತ್ತಾ? ಆಯುಧ ಇರೋದು ಮತ್ತೆ ಯಾತಕ್ಕೆ?" ಕರ್ಪೂರ ಹಚ್ಚಿದರು, ಅಲ್ಲೇ ಆಗಲೇ ಮಂಗಳಾರತಿ ಎತ್ತಿದರು, ಸ್ವಿಚ್ಚನ್ನು ತಾವೇ ಒತ್ತಿದರು. ಟೀಚರ್ ಮಣೆ ಎಳೆದುಕೊಂಡು ಕೂತು ಕೊನೆಯ ಪುಟ ಮುಗಿಸತೊಡಗಿದರು.

ಅಷ್ಟರಲ್ಲಿ ಮಗ ತೊಳೆದ ಸ್ಕೂಟರ್ ನಿಲ್ಲಿಸಿ ಒಳಗೆ ಬಂದ. ನಮ್ಮನ್ನು ನೋಡಿ ಬಿಳಿಚಿಕೊಂಡರೂ ಬಿಡಲಿಲ್ಲ. "ಸಾರ್, ಇದು ಬರೀ ಬ್ಯಾಕಪ್. ಮೇನ್ ಮಿಷನ್ ಅಮೆರಿಕದಲ್ಲೇ ಇದೆ. ನಾನೇ ಹೋಗಿ ಸೆಟ್ ಮಾಡಿ ಬಂದಿದ್ದು."

ಆರತಿ ತಟ್ಟೆ ಹಿಡಿದ ತಾಯಿ ತಿರುಗಿ ನೋಡಿದರು. "ಯಾವಾಗ ಹೋಗಿದ್ಯೋ? ಮೊನ್ನೆ ಮೈಸೂರಿಗೆ ಹೋಗೋ ಬಸ್ಸಲ್ಲಿ ರಾಮನಗರ ದಾಟೋವಷ್ಟರಲ್ಲಿ ವಾಂತಿ ಮಾಡ್ಕೊಂಡು ವಾಪಸ್ ಬಂದವನು ನೀನು!"

ಪತ್ರಿಕೆ ಮನೆಮನೆಗೆ ಹೋಯಿತು. ಆಕ್ಷೇಪಣೆಗಳು ಗೋಣಿಚೀಲದಲ್ಲಿ ಹೋದವು. ಕಾಂಪ್ಲೆಕ್ಸ್ ಬರಲಿಲ್ಲ. ಇಷ್ಟಾದರೂ ಆ ನಾಲ್ವರು ಇನ್ನೂ ಅಂಗಡಿ ತೆರೆದು ಕೂತಿದ್ದಾರೆ, ನಿಮಗಾಗಿ ಕಾಯುತ್ತಿದ್ದಾರೆ. ಒಂದು ರೂಪಾಯಿ ಕೊಡುವ ಮೊದಲು ಕೇಳಿ: ಯಂತ್ರ ಎಲ್ಲಿದೆ? ನಿಮ್ಮ ಕೈಯಾರೆ ಒಂದು ಪುಟ ಕನ್ನಡ ಹೊಡೆದು ನೋಡಿ. ಪಕ್ಕದವರ ಕಡತ ಕಾಣುತ್ತದೆಯೇ ಎಂದು ಹುಡುಕಿ. ಕರೆಂಟ್ ಹೋದರೆ, ಹಬ್ಬ ಬಂದರೆ ಏನು ಗತಿ ಎಂದು ಬರೆಸಿಕೊಳ್ಳಿ. ಉತ್ತರ ಕೊಡದಿದ್ದರೆ ಅವನ ಕಾಫಿಯನ್ನು ಅಲ್ಲೇ ಇಟ್ಟು ಎದ್ದು ಬನ್ನಿ. ಬಂದು ನಿಮ್ಮ ಬೀದಿಯವರಿಗೆಲ್ಲ ಅವನ ಹೆಸರು ಹೇಳಿ, ಜೋರಾಗಿ ಹೇಳಿ.