ಗೇರ್ ಆಯಿಲ್ ಮತ್ತು ಹೆಂಡತಿಯ ನಿದ್ದೆ

ಎಲ್ಲಕ್ಕೂ ಕಾರಣ ಮೊನ್ನೆ ಊಟದ ಹೊತ್ತಿನಲ್ಲಿ ಬಂದ ಒಂದು ನಗು.

"ಟ್ರಕ್ಕಿನ ಗೇರು ಬದಲಾದಾಗೆಲ್ಲ ಯಾರೋ ಬೆನ್ನಿಗೆ ಗುದ್ದಿದ ಹಾಗಾಗುತ್ತೆ" ಎಂದಳು ಹೆಂಡತಿ. ಟ್ರಕ್ಕು ಅವಳದು, ಓಡಿಸುವವಳೂ ಅವಳೇ. ಅದಕ್ಕೆ ಕ್ಲಚ್ಚಿಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ಊಟಕ್ಕೆ ಬಂದಿದ್ದ ಅವಳ ತಮ್ಮ ಸ್ವಂತ ಗ್ಯಾರೇಜು ಇಟ್ಟವನು. "ಗೇರ್ ಆಯಿಲ್ ಕೆಟ್ಟಿದೆ ಅಕ್ಕ. ಆಯಿಲ್ ಬದಲಾಯಿಸ್ಬೇಕು, ಕೆಳಗಿನ ಆಯಿಲ್ ಟ್ರೇ ಬಿಚ್ಚಿ, ಸೋರದಂತೆ ತಡೆಯೋ ಗ್ಯಾಸ್ಕೆಟ್ಟೂ ಹೊಸದು ಹಾಕ್ಬೇಕು" ಎಂದ.

"ಅದೇನು ಮಹಾ! ನಾನೇ ಮಾಡ್ತೀನಿ ಬಿಡಿ" ಎಂದ ಗಂಡ.

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕ ರಭಸಕ್ಕೆ ಮೇಜಿನ ಮೇಲಿದ್ದ ಚಮಚಗಳು ಅಲುಗಿದವು.

ಗಂಡ ಕೈಗಡಿಯಾರ ರಿಪೇರಿ ಮಾಡುವವ. ಬೀದಿಯವರ ಬಾಯಲ್ಲಿ 'ಟಿಕ್‌ಟಿಕ್'. ಸಾಸಿವೆಗಿಂತ ಚಿಕ್ಕ ಸ್ಕ್ರೂಗಳನ್ನು ಇಕ್ಕಳದಲ್ಲಿ ಎತ್ತಿ ಕೂರಿಸುವ ಕೈ ಅವನದು. ಟ್ರಕ್ಕೆಂದರೆ ಹೊಗೆ ಬಿಡುವ ದೊಡ್ಡದೊಂದು ಗಡಿಯಾರ, ಅಷ್ಟೇ ಎಂದು ಅವನ ನಂಬಿಕೆ. ಮರುದಿನವೇ ಆಯಿಲ್ ಡಬ್ಬಗಳನ್ನೂ ಗ್ಯಾಸ್ಕೆಟ್ಟನ್ನೂ ತಂದು ಮಂಚದ ಕೆಳಗೆ ಬಚ್ಚಿಟ್ಟ.

ಈ ದಿನ ಅವನ ಅಂಗಡಿಗೆ ರಜೆ. ರಾತ್ರಿಯೆಲ್ಲ ಲೋಡು ಹೊತ್ತು ಓಡಾಡಿ ಆರಕ್ಕೆ ಬರಬೇಕಾದ ಹೆಂಡತಿ ಒಂಬತ್ತಕ್ಕೆ ಬಂದಳು. "ಸಂಜೆ ನಾಲ್ಕಕ್ಕೆ ಇನ್ನೊಂದು ಲೋಡಿದೆ. ಅಲ್ಲಿವರೆಗೆ ಮನೆಗೆ ಬೆಂಕಿ ಬಿದ್ರೂ ಎಬ್ಬಿಸ್ಬೇಡಿ" ಎಂದವಳೇ ದಿಂಬಿಗೆ ತಲೆ ಕೊಟ್ಟಳು. ಗೊರಕೆ ಶುರುವಾಗುವುದನ್ನೇ ಕಾದಿದ್ದ ಟಿಕ್‌ಟಿಕ್ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಬಂದ. ಟ್ರಕ್ಕು ನಿಂತದ್ದು ಮಲಗುವ ಕೋಣೆಯ ಕಿಟಕಿಯ ಕೆಳಗೇ.

ಗಾಲಿಗಳಿಗೆ ಮರದ ತುಂಡು ಒಡ್ಡಿ, ಪ್ಲಾಸ್ಟಿಕ್ ಟಬ್ಬು ತಳ್ಳಿಕೊಂಡು ಅವನು ಟ್ರಕ್ಕಿನ ಅಡಿಗೆ ತೂರುವಷ್ಟರಲ್ಲಿ ಬೀದಿಗೆಲ್ಲ ಮಾವನಾದ ಎದುರು ಮನೆಯವರು ಹಾಜರ್. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಬೀದಿಯಲ್ಲಿ ಸೈಕಲ್ಲಿನ ಚೈನು ಜಾರಿದರೂ ಸಲಹೆ ಹಿಡಿದು ಬರುವವರು.

"ಏನಯ್ಯಾ ಮಾಡ್ತಿದೀಯಾ?"

"ಶ್! ಮೆಲ್ಲಗೆ ಮಾವ. ಅವಳು ಮಲಗಿದಾಳೆ."

ಅಲ್ಲಿಂದ ಮುಂದೆ ಎಲ್ಲವೂ ಪಿಸುಮಾತಿನಲ್ಲೇ ನಡೆಯಿತು. ಟಿಕ್‌ಟಿಕ್ ಒಂದೊಂದೇ ಬೋಲ್ಟು ಬಿಚ್ಚಿ, ಗಡಿಯಾರದಂಗಡಿಯ ಅಭ್ಯಾಸದಂತೆ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ. ಟ್ರೇ ಹಿಡಿದುಕೊಂಡಿದ್ದ ಕೊನೆಯ ಬೋಲ್ಟಿಗೆ ಪಾನಾ ಹಾಕಿದಾಗ ಮಾವ ಗಾಬರಿಯಿಂದ ಬಗ್ಗಿ ಪಿಸುಗುಟ್ಟಿದರು:

"ಅದನ್ನ ಬಿಚ್ಬೇಡ!"

ಟಿಕ್‌ಟಿಕ್‌ಗೆ ಕೇಳಿಸಿದ್ದು, "ಅದನ್ನ ಬಿಚ್ ಬೇಗ!"

ಬೇಗ ಬಿಚ್ಚಿದ.

ಟ್ರೇ ಜಾರಿತು. ಕೆಂಪು ಆಯಿಲ್ ಟಬ್ಬಿಗೆ ಬಿದ್ದದ್ದು ಕಾಲು ಪಾಲು, ಮಿಕ್ಕಿದ್ದೆಲ್ಲ ಅವನ ತಲೆ, ಮುಖ, ಮೂಗು, ಅಂಗಿಯ ಒಳಗೆ. ಕೂಗುವಂತಿಲ್ಲ. ಒಳಗೇ ನುಂಗಿದ ಕೂಗು ಕಣ್ಣುಗಳ ಮೂಲಕ ಹೊರಬರಲು ನೋಡಿತು. ತೆವಳುತ್ತ ಅವನು ಈಚೆ ಬಂದದ್ದು ಮಾರುಕಟ್ಟೆಗೆ ಹೊರಟಿದ್ದ ಪಕ್ಕದ ಮನೆ ಟೀಚರಮ್ಮನ ಕಾಲ ಬುಡಕ್ಕೆ.

ಟ್ರಕ್ಕು, ಅದರ ಕೆಳಗೆ ಕೆಂಪು ಮಡು, ಅದರೊಳಗಿಂದ ಎದ್ದು ಬರುತ್ತಿರುವ ಕೆಂಪು ಮನುಷ್ಯ! ಟೀಚರಮ್ಮನ ಚೀಲ ಕೈಜಾರಿತು. ಐವತ್ತು ಮಕ್ಕಳ ಗದ್ದಲ ಅಡಗಿಸಿದ ಆ ಗಂಟಲು ಇನ್ನೇನು ತೆರೆದುಕೊಳ್ಳಬೇಕು, ಟಿಕ್‌ಟಿಕ್ ಹಾರಿ ಹೋಗಿ ಅವರ ಬಾಯಿ ಮುಚ್ಚಿದ.

"ಆಯಿಲ್ ಟೀಚರಮ್ಮ, ಬರೀ ಆಯಿಲ್! ಅವಳು ಎದ್ರೆ ಆಮೇಲೆ ರಕ್ತ ನೋಡ್ಬೇಕಾಗುತ್ತೆ."

ಕೈ ತೆಗೆದಾಗ ಟೀಚರಮ್ಮನ ಮುಖದ ಮೇಲೆ ಐದೂ ಬೆರಳು ಅಚ್ಚಾಗಿದ್ದವು.

ಉಸಿರು ತಹಬಂದಿಗೆ ಬಂದ ಮೇಲೆ ಮೂವರೂ ಟಬ್ಬಿನ ಸುತ್ತ ಕೂತು ಆಯಿಲ್ ಪರೀಕ್ಷಿಸಿದರು.

"ನೋಡಿದ್ಯಾ? ಇಷ್ಟು ಕೆಂಪಗಿದೆ ಅಂದ್ರೆ ಪೂರಾ ಸುಟ್ಟಿದೆ" ಎಂದರು ಮಾವ.

"ಹೊಸ ಡಬ್ಬದಲ್ಲಿರೋದೂ ಇದೇ ಬಣ್ಣ ಅಲ್ವಾ?" ಟೀಚರಮ್ಮ ಮೂಗು ಒರೆಸಿಕೊಳ್ಳುತ್ತ ಕೇಳಿದರು.

"ಅದು ಬೇರೆ ಕೆಂಪು."

ಹಳೆ ಗ್ಯಾಸ್ಕೆಟ್ಟು ಅಂಟಿಕೊಂಡಿರುತ್ತದೆ, ಗಂಟೆಗಟ್ಟಲೆ ಕೆರೆಯಬೇಕು ಎಂದು ಮಾವ ಹೆದರಿಸಿದ್ದರು. ಅದೋ ಬಾಳೆಹಣ್ಣಿನ ಸಿಪ್ಪೆಯಂತೆ ಸಲೀಸಾಗಿ ಬಂತು. ತನ್ನ ಕೈಗುಣಕ್ಕೆ ಟಿಕ್‌ಟಿಕ್ ತಾನೇ ಬೆರಗಾದ. ಟ್ರೇ ಒರೆಸಿ, ಹೊಸ ಗ್ಯಾಸ್ಕೆಟ್ಟು ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಒಂದೊಂದೇ ಸುತ್ತು ಬಿಗಿದು, ಲಾಳಿಕೆಯಿಟ್ಟು ಡಬ್ಬಗಳನ್ನು ಬರಿದು ಮಾಡಿದ. ಟೀಚರಮ್ಮ ನೆಲದ ಆಯಿಲಿಗೆ ಮರಳು ಸುರಿದು ಗುಡಿಸಿದರು. ಗಂಟೆ ಮೂರು. ಗೊರಕೆ ಇನ್ನೂ ಕೇಳುತ್ತಿತ್ತು.

"ಈಗ ಇಂಜಿನ್ ಶುರು ಮಾಡಿ ಎಲ್ಲಾ ಗೇರಿಗೂ ಹಾಕಿ ನೋಡ್ಬೇಕು. ಆಯಿಲ್ ಮಟ್ಟ ಗೊತ್ತಾಗೋದು ಇಂಜಿನ್ ಓಡ್ತಿದ್ರೇನೇ" ಎಂದರು ಮಾವ.

"ಸದ್ದಿಲ್ಲದೆ ಆಗಲ್ವಾ?"

ಟಿಕ್‌ಟಿಕ್ ಕಣ್ಣು ಮುಚ್ಚಿ ಕೀ ತಿರುಗಿಸಿದ. ಟ್ರಕ್ಕು ಗುಡುಗಿತು. ಗೇರುಗಳು ಒಂದಾದ ಮೇಲೊಂದು ನೀರಿಗಿಳಿದ ಬಾತುಗಳಂತೆ ಜಾರಿಕೊಂಡು ಕೂತವು. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರೆ ಆಯಿಲ್ ಗೆರೆಗೆ ಸರಿಯಾಗಿ ನಿಂತಿದೆ! ಗೆದ್ದೆ ಎಂದು ತಲೆಯೆತ್ತಿದಾಗ ಕಿಟಕಿಯಲ್ಲಿ ಕೆದರಿದ ಕೂದಲಿನ ಹೆಂಡತಿ.

"ಯಾರೋ ಅದು ನನ್ನ ಟ್ರಕ್ ಹತ್ರ?" ಎಂದು ಕೂಗುತ್ತ ಓಡಿ ಬಂದವಳು, ಹತ್ತಿರದಿಂದ ಗುರುತು ಹಿಡಿದು ಗಕ್ಕನೆ ನಿಂತಳು. "ಅಯ್ಯೋ, ರೀ! ಏನಾಯ್ತ್ರೀ?"

"ಆಯಿಲು, ಗ್ಯಾಸ್ಕೆಟ್ಟು, ಎರಡೂ ಹೊಸದು. ನನ್ನ ಕೈಯಾರೆ!" ಟಿಕ್‌ಟಿಕ್ ಎದೆ ಉಬ್ಬಿಸಿದ. "ನಗು ಈಗ."

ಅವಳು ನಗಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತಳು.

"ಬೆಳಿಗ್ಗೆ ನಾನು ಮೂರು ಗಂಟೆ ತಡ ಮಾಡಿ ಬಂದೆನಲ್ಲ, ಯಾಕೆ ಗೊತ್ತಾ? ತಮ್ಮ ನಿದ್ದೆಗೆಟ್ಟು ಗ್ಯಾರೇಜಲ್ಲಿ ಇದೇ ಕೆಲಸ ಮಾಡಿಕೊಟ್ಟ. ಅದೇ ಆಯಿಲು, ಅದೇ ಗ್ಯಾಸ್ಕೆಟ್ಟು."

ಮಾವ, "ಒಲೆ ಮೇಲೆ ಹಾಲಿಟ್ಟಿದ್ದೆ" ಎಂದು ಗೊಣಗುತ್ತ ರಸ್ತೆ ದಾಟಿ ಮಾಯವಾದರು.

ಅಷ್ಟರಲ್ಲಿ ತಿರುವಿನಲ್ಲಿ ಬೈಕಿನ ಸದ್ದು. ಹೆಂಡತಿ ದಡಕ್ಕನೆ ಎದ್ದಳು. "ತಮ್ಮ ಬಂದ. ಅವನ ಕೆಲಸ ಕಿತ್ತು ಬಿಸಾಕಿದೀರಿ ಅಂತ ಗೊತ್ತಾದ್ರೆ ಇನ್ನು ಈ ಮನೆ ಮೆಟ್ಟಿಲು ಹತ್ತಲ್ಲ ಅವನು. ಉಸಿರೆತ್ತಿದ್ರೆ ನೋಡಿ!"

ಭಾಮೈದ ಯಾರನ್ನೂ ಗಮನಿಸದೆ ನೇರ ಟ್ರಕ್ಕು ಹತ್ತಿದ. ಬೀದಿಯನ್ನೊಂದು ಸುತ್ತು ಹಾಕಿ, ಮುಖ ಅರಳಿಸಿಕೊಂಡು ಇಳಿದ.

"ಅಕ್ಕ, ಬೆಣ್ಣೆ ಕಣೇ, ಬೆಣ್ಣೆ! ಬೆಳಿಗ್ಗೆ ಇನ್ನೂ ಚೂರು ಜಗ್ತಿತ್ತು, ಈಗ ಅದೂ ಇಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಇಂಥ ಕೆಲಸ ಆಗಿರ್ಲಿಲ್ಲ."

ಟಿಕ್‌ಟಿಕ್ ಏನೋ ಹೇಳಲು ಮುಂದೆ ಬಂದ. ಹೆಂಡತಿ ಅವನ ಕಾಲು ತುಳಿದಳು.

ಆಗ ಭಾಮೈದನ ಕಣ್ಣು ಇತ್ತ ಹೊರಳಿತು. "ಇದೇನು ಭಾವ, ಮೈಯೆಲ್ಲ ಕೆಂಪು?"

"ಗೇಟಿಗೆ ಬಣ್ಣ ಹೊಡೀತಿದಾರೆ" ಎಂದಳು ಹೆಂಡತಿ, ರೆಪ್ಪೆ ಮಿಟುಕಿಸದೆ.

"ಗೇಟು ಕಪ್ಪಗೇ ಇದೆಯಲ್ಲ?"

"ಈಗ ಶುರು ಮಾಡ್ತಾರೆ."

"ಟೀಚರಮ್ಮನ ಮುಖಕ್ಕೇನಾಯ್ತು?"

"ನಾನು ಸಹಾಯಕ್ಕೆ ಬಂದೆ" ಎಂದರು ಟೀಚರಮ್ಮ, ಅಳುವ ದನಿಯಲ್ಲಿ.

ನಾಲ್ಕಕ್ಕೆ ಸರಿಯಾಗಿ ಟ್ರಕ್ಕು ಒಂದಿಷ್ಟೂ ಜಗ್ಗದೆ ಬೀದಿಯ ತುದಿ ದಾಟಿ ಹೋಯಿತು. ಟಿಕ್‌ಟಿಕ್ ಅಂಗಡಿಗೆ ಓಡಿ ಒಂದು ಡಬ್ಬ ಕೆಂಪು ಬಣ್ಣ, ಎರಡು ಬ್ರಷ್ಷು ತಂದ. ಭಾಮೈದ ಕುರ್ಚಿ ಎಳೆದುಕೊಂಡು ನೆರಳಿನಲ್ಲಿ ಕಾಲು ಚಾಚಿ ಕೂತ.

"ಆ ಕೆಳಗಿನ ಸರಳು ಬಿಟ್ಟುಹೋಯ್ತಲ್ಲ ಭಾವ" ಎಂದ. "ಕೆಲಸ ಅಂದ್ರೆ ಅಚ್ಚುಕಟ್ಟಾಗಿರ್ಬೇಕು. ಟ್ರಕ್ ನೋಡಿದ್ರಲ್ಲ?"

"ನೋಡ್ದೆ" ಎಂದು ಟಿಕ್‌ಟಿಕ್ ಬ್ರಷ್ಷು ಅದ್ದಿದ.