ಕೂರುವ ಗುಂಪಿನ ಮುನಿರಾಜು

ಅತ್ತಿಗುಪ್ಪೆಯ ಮುನಿರಾಜು ಬೆಳಿಗ್ಗೆ ಹಾಲು ತರಲು ಹೋದವರು ದಾರಿಯಲ್ಲೇ ಕುಸಿದು ತೀರಿಕೊಂಡರು ಎಂಬ ಸುದ್ದಿ ಬಂದಾಗ ಚಕ್ರಪಾಣಿಗೆ ಮೊದಲು ನೆನಪಾದದ್ದು ಆ ಹಿರಿಯರ ಮುಖವಲ್ಲ, ತನ್ನ ನೌಕರಿ. ಕೆಟ್ಟ ಮನುಷ್ಯನೇನಲ್ಲ ಪಾಪ. ಹೊಟ್ಟೆಪಾಡು ಎಂಥವರನ್ನೂ ಹಾಗೆ ಮಾಡಿಬಿಡುತ್ತದೆ.

ಚಕ್ರಪಾಣಿ ವಿಜ್ಞಾನಿ. ಕೈಕಾಲು ಆಡಿಸಿದರೆ ಉಂಡದ್ದು ಹೇಗೆ ಕರಗುತ್ತದೆ, ರಕ್ತದಲ್ಲಿರುವ ಸಕ್ಕರೆಯನ್ನು ಸ್ನಾಯುಗಳು ಹೇಗೆ ಎಳೆದುಕೊಳ್ಳುತ್ತವೆ ಎಂಬುದೇ ಆತನ ಜೀವಮಾನದ ಸಂಶೋಧನೆ. ಅರ್ಧ ಆಯುಷ್ಯ ಇಲಿಗಳನ್ನು ಓಡಿಸುವುದರಲ್ಲೇ ಕಳೆದಿತ್ತು. ಇಲಿಗಳು ಹೇಳಿದ ಮಾತು ಕೇಳುತ್ತಿದ್ದವು. ಅವಕ್ಕೆ ಅಕ್ಕಪಕ್ಕದ ಮನೆಯವರೂ ಇರಲಿಲ್ಲ. ಈಗ ಮೊದಲ ಬಾರಿಗೆ ಮನುಷ್ಯರನ್ನು ಕಟ್ಟಿಕೊಂಡಿದ್ದ. ಅತ್ತಿಗುಪ್ಪೆಯ ಹಿರಿಯರನ್ನು ಒಪ್ಪಿಸಿ ಎರಡು ಗುಂಪು ಮಾಡಿದ್ದ. ಒಂದು ಗುಂಪು ದಿನಾ ನಡೆಯಬೇಕು, ಇನ್ನೊಂದು ಎಂದಿನಂತೆ ಆರಾಮಾಗಿ ಕೂತಿರಬೇಕು. ಎಲ್ಲರ ಕೈಗೂ ಹೆಜ್ಜೆ ಎಣಿಸುವ ಒಂದೊಂದು ವಾಚು. ಯಾರು ಎಷ್ಟು ನಡೆದರೆಂದು ಅದು ತಾನಾಗಿಯೇ ಸಂಸ್ಥೆಯ ಕಂಪ್ಯೂಟರಿಗೆ ಚಾಡಿ ಹೇಳುತ್ತಿತ್ತು. ಚೀಟಿ ಎತ್ತಿದಾಗ ಮುನಿರಾಜು ಕೂರುವ ಗುಂಪಿಗೆ ಬಿದ್ದಿದ್ದರು.

ಮಾರನೆಯ ದಿನವೇ ಸಂಸ್ಥೆಯ ಸಭೆ. ಪ್ರಯೋಗ ಗೆದ್ದರೆ ಕಾಯಂ ನೌಕರಿ, ಸೋತರೆ ಗುತ್ತಿಗೆ ಮುಗಿದು ಮನೆ. ನಿರ್ದೇಶಕಿ ಅನಂತಲಕ್ಷ್ಮಿಯವರಿಗೆ ಫೋನಿನಲ್ಲಿ ಸಾವಿನ ಸುದ್ದಿ ತಿಳಿಸಿ, ಒಂದು ಹಾರ ಕಟ್ಟಿಸಿಕೊಂಡು ಚಕ್ರಪಾಣಿ ಅತ್ತಿಗುಪ್ಪೆಗೆ ಹೋದ.

ಮನೆ ಮುಂದೆ ಶಾಮಿಯಾನ ಹಾಕಿದ್ದರು. ಎರಡು ಗುಂಪಿನವರೂ ಒಟ್ಟಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಾರ ಹಾಕಿ ಕೈ ಮುಗಿದು ತಿರುಗುವಷ್ಟರಲ್ಲಿ ಮುನಿರಾಜು ಅವರ ಮಗ ಮಧುಕುಮಾರ್ ಎದುರಿಗೆ ಬಂದು ನಿಂತ.

"ನಮ್ಮಪ್ಪಂಗೆ ನಡೀಬೇಡಿ, ಕೂತ್ಕೊಳಿ ಅಂದೋರು ನೀವೇ ಅಲ್ವಾ ಸಾರ್?"

"ಹಂಗಲ್ಲಪ್ಪ. ದಿನಾ ಹೆಂಗಿರ್ತೀರೋ ಹಂಗೇ ಇರಿ ಅಂದಿದ್ದೆ, ಅಷ್ಟೇ."

"ಕೂತು ಕೂತೇ ಹೋಗ್ಬಿಟ್ರು. ಮೊದ್ಲು ಮಣ್ಣಾಗ್ಲಿ. ನಾಳೆ ನಿಮ್ ಆಫೀಸಿಗೇ ಬರ್ತೀನಿ, ಅಲ್ಲಿ ಮಾತಾಡಣ."

ಆಗ ಪಕ್ಕದ ಮನೆಯ ಇಂದ್ರಮ್ಮ ಬಾಯಿ ಹಾಕಿದರು. ಅವರು ನಡೆಯುವ ಗುಂಪಿನವರು.

"ಏನ್ ಕೂತಿದ್ದು ಮಧು? ನಿಮ್ಮಪ್ಪ ಕೂತ್ಕೊಳೋ ಆಸಾಮಿನಾ? ಹಾಲಿನ ನೆಪ ಹೇಳ್ಕೊಂಡು ದಿನಾ ನಮ್ ಜೊತೆ ಪಾರ್ಕ್ ಸುತ್ತೋರು. ನಡೆದ್ರೆ ಒಳ್ಳೇದು ಅಂತ ಸಾರೇ ಹೇಳವ್ರೆ, ನಮ್ಮನ್ಯಾಕೆ ಬಿಟ್ರೋ ಅನ್ನೋರು. ಗೊತ್ತಾದ್ರೆ ಸಾರ್‌ಗೆ ಬೇಜಾರಾಗ್ತದೆ ಅಂತ ವಾಚು ಮನೇಲಿ ಮೊಳೆಗೆ ನೇತಾಕಿ ಬರೋರು. ಕೂರೋ ಗುಂಪಿನೋರೆಲ್ಲಾ ಹಂಗೇ ಮಾಡ್ತಿರೋದು."

ಕೂರುವ ಗುಂಪಿನವರು ತಲೆ ತಗ್ಗಿಸಿದರು. ಹೆಣಕ್ಕಿಂತ ಮೊದಲೇ ಚಕ್ರಪಾಣಿಯ ಪ್ರಯೋಗ ಮಣ್ಣು ಸೇರಿತ್ತು. ಆದರೂ ತನ್ನಿಂದ ಆ ಮನುಷ್ಯ ಸಾಯಲಿಲ್ಲವಲ್ಲ ಎಂದು ಜೀವಕ್ಕೆ ಸಮಾಧಾನವಾಯಿತು. "ಹಾಗಾದ್ರೆ ನಡೀತಿದ್ರು" ಎಂದು ಸಾವಿನ ಮನೆಯಲ್ಲಿ ಹಲ್ಲು ಬಿಟ್ಟೇಬಿಟ್ಟ.

"ಅಂದ್ರೆ ನಡೆದಿದ್ದಕ್ಕೇ ಹೋದ್ರಾ?" ಎಂದರು ಇಂದ್ರಮ್ಮ.

ಎಲ್ಲರೂ ಚಕ್ರಪಾಣಿಯ ಮುಖ ನೋಡಿದರು. ಕೂತು ಸತ್ತರು ಎಂದರೆ ತಪ್ಪು ತನ್ನದು. ನಡೆದು ಸತ್ತರು ಎಂದರೆ ತನ್ನ ವಿದ್ಯೆಯದು. "ಎರಡೂ ಅಲ್ಲಮ್ಮ, ಹೃದಯಕ್ಕೆ ಮೊದ್ಲೇ ತೊಂದ್ರೆ ಇದ್ದಿರಬೇಕು" ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಂದ್ರಮ್ಮ ವಾಚು ಬಿಚ್ಚಿ ಆತನ ಕೈಗಿಟ್ಟರು. ನಡೆಯುವವರು ಹೆದರಿ ಕೊಟ್ಟರೆ, ಕೂರುವವರು ನಾಚಿ ಕೊಟ್ಟರು. ಕೊನೆಗೆ ಒಳಗಿಂದ ಮುನಿರಾಜು ಅವರ ಹೆಂಡತಿ ಬೋರಮ್ಮ, ಮೊಳೆಗೆ ನೇತಾಡುತ್ತಿದ್ದ ಗಂಡನ ವಾಚು ಹಿಡಿದುಕೊಂಡು ಬಂದರು. ಅತ್ತು ಅತ್ತು ದನಿ ಹೋಗಿತ್ತು.

"ಸತ್ತೋರ್ದು ಮನೇಲಿ ಇಟ್ಕೋಬಾರ್ದಪ್ಪ. ತಗೊಂಡೋಗು."

ಎಲ್ಲ ವಾಚುಗಳನ್ನೂ ಬ್ಯಾಗಿಗೆ ತುಂಬಿ ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಜಾರಿಕೊಳ್ಳುವಷ್ಟರಲ್ಲಿ ಹೆಣ ಎತ್ತಿದರು. "ಮಣ್ಣಿಗೆ ಬರ್ದೇ ಹೋಗ್ತೀರಾ ಸಾರ್?" ಎಂದ ಮಧುಕುಮಾರ್. ಹೋಗದೆ ವಿಧಿಯಿರಲಿಲ್ಲ. ತಮಟೆ ಶುರುವಾಯಿತು. ಬೀದಿ ತಿರುವಿನಲ್ಲಿ ಯಾರೋ ಕೈ ಹಿಡಿದು ಎಳೆದರು. ಬ್ಯಾಗಿನ ಸಮೇತ ಚಕ್ರಪಾಣಿ ನಾಲ್ಕು ಹೆಜ್ಜೆ ಕುಣಿಯಲೂ ಬೇಕಾಯಿತು.

ಸ್ಮಶಾನದಲ್ಲಿ ಮಣ್ಣು ಹಾಕುವಾಗ ಮಾತ್ರ ಆತನಿಗೆ ನಿಜವಾಗಿ ಅಳು ಬಂತು. ತನಗೆ ಬೇಜಾರಾಗಬಾರದೆಂದು ಕದ್ದು ನಡೆದ ಮನುಷ್ಯ. ನಾಳೆ ಸಭೆಯಲ್ಲಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕು, ಪ್ರಯೋಗ ಕೆಟ್ಟರೂ ಆಸಾಮಿ ಪ್ರಾಮಾಣಿಕ ಎಂದು ಇನ್ನೊಂದು ಅವಕಾಶ ಕೊಟ್ಟಾರು ಎಂದುಕೊಂಡ. ಅಷ್ಟರಲ್ಲಿ ಫೋನು ಬಂತು. ಅನಂತಲಕ್ಷ್ಮಿ.

"ಚಕ್ರಪಾಣಿ, ಮುನಿರಾಜು ಬೆಳಿಗ್ಗೆ ತೀರ್ಕೊಂಡ್ರು ಅಂತ ನೀವೇ ತಾನೆ ಹೇಳಿದ್ದು?"

"ಹೌದು ಮೇಡಂ."

"ಇಲ್ಲಿ ಕಂಪ್ಯೂಟರಲ್ಲಿ ಮಧ್ಯಾಹ್ನದಿಂದ ನಡೀತಾ ಇದಾರೆ. ಮಧ್ಯೆ ಕುಣಿದ ಹಾಗೂ ಕಾಣ್ತಿದೆ. ಎರಡೂ ಗುಂಪಿನೋರು ಅವರ ಜೊತೆ ಹೆಜ್ಜೆಗೆ ಹೆಜ್ಜೆ ಹಾಕಿದಾರೆ. ಸಭೆ ನಾಳೆ ಅಂತ ಕೂತು ಸುಳ್ಳು ಲೆಕ್ಕ ತುಂಬ್ತಾ ಇದೀರಲ್ಲ, ಸತ್ತೋರನ್ನಾದ್ರೂ ಬಿಡ್ಬಾರ್ದಿತ್ತಾ?"

"ಅಯ್ಯೋ ಇಲ್ಲ ಮೇಡಂ, ನಾವು ಮಣ್ಣಿಗೆ ಬಂದಿದೀವಿ."

"ಯಾರ್ಯಾರು?"

ಚಕ್ರಪಾಣಿ ಹೆಗಲ ಮೇಲಿನ ಬ್ಯಾಗು ಮುಟ್ಟಿ ನೋಡಿಕೊಂಡ. "ಎಲ್ಲಾರೂ ಮೇಡಂ."

"ಮುನಿರಾಜುನೂ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ಅವ್ರೂ ಬಂದಿದಾರೆ" ಎಂದ.